ಮುಯ್ಯಿ ಬರೆಯುತ್ತಿದ್ದ ಅಜ್ಜ ಇಲ್ಲದ ಮೊದಲ ಮದುವೆ

ಪ್ರಶ್ನೆ: ನಾವು ದಾವಣಗೆರೆಯವರು, ಲಿಂಗಾಯತರು. ಮುಂದಿನ ತಿಂಗಳು ನನ್ನ ಮಗಳ ಮದುವೆ. ನಮ್ಮ ಓಣಿಯಲ್ಲಿ ಹತ್ತಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರಿದ್ದರು. ಮಕ್ಕಳಿಗೆಲ್ಲ ಅವರು ‘ಮಿಲ್ಲಜ್ಜ’. ನಮಗೆ ಸಂಬಂಧಿಕರಲ್ಲ, ನಮ್ಮ ಜಾತಿಯವರೂ ಅಲ್ಲ. ಆದರೆ 1995ರಲ್ಲಿ ನನ್ನ ಮದುವೆಯಾದಾಗಿನಿಂದ ಈ ಮನೆಯ ಪ್ರತಿ ಕಾರ್ಯದಲ್ಲೂ ಮುಯ್ಯಿ ಬರೆಯಲು ಕೂತವರು ಅವರೇ. ಯಾರು ಹನ್ನೊಂದು ರೂಪಾಯಿ ಕೊಟ್ಟರೂ, ಯಾರು ಐನೂರು ಕೊಟ್ಟರೂ ಒಂದೇ ದನಿಯಲ್ಲಿ ಹೆಸರು, ಊರು ಕೇಳಿ ಬರೆದುಕೊಳ್ಳುತ್ತಿದ್ದರು. ಮೊತ್ತವನ್ನು ಜೋರಾಗಿ ಹೇಳಿದ್ದು ನಾನು ಒಮ್ಮೆಯೂ ಕೇಳಿಲ್ಲ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಮದುವೆಯ ಯಾವ ಕೆಲಸಕ್ಕೆ ಕೈ ಹಾಕಿದರೂ ಅವರ ನೆನಪಾಗಿ ಅಳು ಬರುತ್ತದೆ. ‘ನಮಗೆ ಸೂತಕವೇ ಇಲ್ಲ, ನಿನಗ್ಯಾಕೆ ಇಷ್ಟು ದುಃಖ’ ಎನ್ನುತ್ತಾರೆ ಯಜಮಾನರು. ‘ಶುಭಕಾರ್ಯದಲ್ಲಿ ಸತ್ತವರ ಹೆಸರು ಎತ್ತಬೇಡ’ ಎನ್ನುತ್ತಾರೆ ಅತ್ತೆ. ಮಗಳಿಗೆ ಮಂಟಪದಲ್ಲಿ ಅವರ ಫೋಟೊ ಇಡುವ ಆಸೆ. ಆರು ವರ್ಷದ ಮೈದುನನ ಮಗ ‘ಅಜ್ಜ ಮದುವೆಗೆ ಬರ್ತಾರಲ್ವಾ’ ಎಂದು ಕೇಳುತ್ತಾನೆ. ಅವರ ಹೆಂಡತಿಯನ್ನು, ಅಂದರೆ ಅಜ್ಜಿಯನ್ನು, ಮದುವೆಗೆ ಕರೆಯುವುದು ಹೇಗೆ? ಮದುವೆಯ ಹಿಂದಿನ ರಾತ್ರಿ ಶಾಮಿಯಾನ ಹಾಕುವ ಹುಡುಗರಿಗೆ ಮಂಡಕ್ಕಿ, ಮಿರ್ಚಿ ಕೊಡಿಸುವುದು ಅಜ್ಜನ ರೂಢಿ. ಅದನ್ನು ಈ ಸಲವೂ ಮಾಡಬಹುದೇ?

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ, ಯಾಕೆಂದರೆ ನಿಮ್ಮ ಅರ್ಧ ಸಂಕಟ ಅಲ್ಲಿಂದ ಹುಟ್ಟಿದೆ.

ಸೂತಕ ಎನ್ನುವುದು ರಕ್ತಸಂಬಂಧದ ಲೆಕ್ಕ. ಯಾರು ಪೂಜೆಗೆ ಕೂರಬಹುದು, ಯಾರು ಕೂರಬಾರದು ಎಂದು ಅದು ಹೇಳುತ್ತದೆ. ಯಾರಿಗೆ ಎಷ್ಟು ನೋವಾಗಿದೆ ಎನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಸೂತಕ ಪಾಲಿಸುವ ಮನೆಗಳಲ್ಲಿ, ಒಮ್ಮೆಯೂ ಮುಖ ನೋಡದ ದಾಯಾದಿ ತೀರಿಕೊಂಡರೂ ಹತ್ತು ದಿನ ದೇವರ ದೀಪ ಹಚ್ಚುವುದಿಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ ನೆರೆಯವರಿಗೆ ಒಂದು ದಿನವೂ ಇಲ್ಲ. ನೀವಂತೂ ಲಿಂಗಾಯತರು. ಶರಣರು ಐದೂ ಸೂತಕಗಳನ್ನು ತಳ್ಳಿಹಾಕಿದರು, ಸಾವಿನ ಸೂತಕವನ್ನೂ ಸೇರಿಸಿ. ಹಾಗಂತ ಶರಣರ ಮನೆಗಳಲ್ಲಿ ಯಾರೂ ಅಳಲಿಲ್ಲ ಎಂದು ಅರ್ಥವೇ? ಮೈಲಿಗೆ ಇಲ್ಲ ಎಂದರು, ನೋವಿಲ್ಲ ಎನ್ನಲಿಲ್ಲ.

ರಕ್ತಸಂಬಂಧವೇ ಎಲ್ಲ ಎಂದು ನಂಬಿದ ಸಂಪ್ರದಾಯವೂ ಪೂರ್ತಿ ಕುರುಡಾಗಿರಲಿಲ್ಲ. ಕಲಿಸಿದ ಆಚಾರ್ಯ ತೀರಿಕೊಂಡರೆ ಶಿಷ್ಯನಿಗೆ ಮೂರು ರಾತ್ರಿ ಸೂತಕ ಎಂದು ಮನುಸ್ಮೃತಿಯಲ್ಲೇ ಇದೆ. ಪಿತೃಪಕ್ಷದಲ್ಲಿ ತರ್ಪಣ ಬಿಡುವವರನ್ನು ಕೇಳಿ ನೋಡಿ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಮುಗಿದ ಮೇಲೆ ಗುರು, ಗೆಳೆಯ, ಆಪ್ತರ ಹೆಸರಲ್ಲೂ ನೀರು ಬಿಡುತ್ತಾರೆ. ಕೊನೆಗೆ ಬಂಧುಗಳಲ್ಲದವರಿಗೂ ತೃಪ್ತಿಯಾಗಲಿ ಎನ್ನುವ ಮಂತ್ರವಿದೆ. ನಿಮ್ಮ ಮಿಲ್ಲಜ್ಜನಂಥವರಿಗೆ ಅಲ್ಲೂ ಒಂದು ಜಾಗ ಇಟ್ಟಿದ್ದಾರೆ.

ಇಂಥ ದುಃಖದ ಕಷ್ಟ ಬೇರೆಯದೇ. ಸ್ವಂತ ಮಾವ ತೀರಿಕೊಂಡಿದ್ದರೆ ಊರವರೆಲ್ಲ ಮಾತಾಡಿಸಿಕೊಂಡು ಹೋಗಲು ಬರುತ್ತಿದ್ದರು. ಅಕ್ಕಪಕ್ಕದವರು ಅನ್ನ, ಸಾರು ತಂದುಕೊಡುತ್ತಿದ್ದರು. ಕೆಲಸಕ್ಕೆ ರಜೆ ಸಿಗುತ್ತಿತ್ತು. ನಿಮ್ಮನ್ನು ಮಾತಾಡಿಸಲು ಯಾರು ಬಂದರು? ಯಾರೂ ಬಂದಿರಲಿಕ್ಕಿಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇದರ ಬಗ್ಗೆಯೇ ಬರೆದರು. ಸಮಾಜ ಲೆಕ್ಕಕ್ಕೆ ಹಿಡಿಯದ ದುಃಖ ಒಳಗೇ ಉಳಿಯುತ್ತದೆ, ಅದಕ್ಕೆ ಹೊರಬರಲು ದಾರಿ ಇರುವುದಿಲ್ಲ ಎಂದು ವಿವರಿಸಿದರು. ನಾನು ನೋಡುವ ಮನೆಗಳಲ್ಲೂ ಹೀಗೇ ಆಗುತ್ತದೆ. ಗೆಳತಿ ಹೋದರೆ, ಮೇಷ್ಟ್ರು ಹೋದರೆ, ಮನೆಕೆಲಸಕ್ಕೆ ಬರುತ್ತಿದ್ದ ಅಮ್ಮ ಹೋದರೆ, ಅಳುವವರನ್ನು ‘ನಿಮಗೇನಾಗಬೇಕು ಅವರು’ ಎಂದು ಕೇಳುತ್ತಾರೆ. ನಾಲ್ಕು ತಿಂಗಳ ನಂತರ ಮದುವೆಯ ಕೆಲಸದ ನಡುವೆ ನಿಮಗೆ ಅಳು ಬರುತ್ತಿರುವುದು ಸಹಜ. ಆ ಅಳುವಿಗೆ ಆಗ ಜಾಗ ಸಿಗಲಿಲ್ಲ, ಈಗ ಕೇಳುತ್ತಿದೆ.

ಒಂದು ವಿಷಯ ಯೋಚಿಸಿ. ನೀವು ಈ ಮನೆಗೆ ಬಂದಿದ್ದು 1995ರಲ್ಲಿ. ನಿಮ್ಮ ಯಜಮಾನರು ಹುಟ್ಟಿ ಬೆಳೆದದ್ದೇ ಆ ಓಣಿಯಲ್ಲಿ ಅಲ್ವಾ? ಅಜ್ಜನನ್ನು ಅವರು ನಿಮಗಿಂತ ಮೊದಲಿನಿಂದ ನೋಡಿದ್ದಾರೆ. ‘ದುಃಖ ಯಾಕೆ’ ಎಂದು ಸಿಡುಕುವ ಗಂಡಸರಲ್ಲಿ ಎಷ್ಟೋ ಜನ ತಮ್ಮ ಗಂಟಲಿನ ಬಿಗಿತವನ್ನೇ ಬೈದುಕೊಳ್ಳುತ್ತಿರುತ್ತಾರೆ. ವಾದ ಮಾಡಬೇಡಿ. ‘ನಿಮಗೆ ಸೈಕಲ್ ಕಲಿಸಿದ್ದು ಯಾರು, ಮಿಲ್ಲಿನ ಗೇಟಿನ ಹತ್ತಿರ ನಿಮ್ಮನ್ನು ಕರೆದುಕೊಂಡು ಹೋಗಿದ್ರಾ’ ಅಂತ ಏನಾದರೂ ಒಂದು ಹಳೆಯದನ್ನು ಕೇಳಿ. ಕೇಳಿ ಸುಮ್ನೆ ಕೂತಿರಿ.

ಇನ್ನು ಅತ್ತೆಯವರ ಮಾತು. ಅವರ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಮ್ಮಗಳಿಗೆ ಒಳ್ಳೆಯದಾಗಲಿ ಎನ್ನುವ ಆಸೆಯಿಂದಲೇ ಆ ಮಾತು ಬಂದಿದೆ. ಆದರೆ ಮದುವೆಯಲ್ಲಿ ತೀರಿಕೊಂಡವರನ್ನು ನೆನೆಯುವುದು ಅಶುಭ ಎನ್ನುವುದು ನಮ್ಮ ಪದ್ಧತಿಗೇ ಹೊಂದುವುದಿಲ್ಲ. ಬ್ರಾಹ್ಮಣರ ಮದುವೆಯಲ್ಲಿ ಮೊದಲಿಗೆ ನಾಂದಿ ಮಾಡುತ್ತಾರೆ. ನಾಂದಿ ಎಂದರೆ ಪಿತೃಗಳನ್ನು ಕರೆದು ಆಶೀರ್ವಾದ ಕೇಳುವುದು, ಅದೂ ಶುಭಕಾರ್ಯಕ್ಕೆಂದೇ ಇರುವ ಶ್ರಾದ್ಧ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಂದರ ಹಾಕುವ ಮೊದಲು ಹಿರಿಯರಿಗೆ ಎಡೆ ಇಡುತ್ತಾರೆ. ಅಷ್ಟೆಲ್ಲ ದೂರ ಹೋಗುವುದೂ ಬೇಡ, ನಿಮ್ಮ ಮಗಳ ಲಗ್ನಪತ್ರಿಕೆ ತೆಗೆದು ನೋಡಿ. ಅದರಲ್ಲಿ ‘ಲಿಂ.’ ಎಂದೋ ‘ದಿ.’ ಎಂದೋ ಸೇರಿಸಿದ ಒಂದಾದರೂ ಹೆಸರು ಇರುತ್ತದೆ. ತೀರಿಕೊಂಡವರ ಹೆಸರು ಅಚ್ಚು ಹಾಕಿಸಿ, ಅದಕ್ಕೆ ಅರಿಶಿಣ ಕುಂಕುಮ ಹಚ್ಚಿ, ಊರಿಗೆಲ್ಲ ಹಂಚುವವರು ನಾವು. ಇದನ್ನು ಅತ್ತೆಗೆ ಪಾಠದಂತೆ ಹೇಳಬೇಡಿ. ‘ನಿಮ್ಮ ಮದುವೆಯಲ್ಲಿ ಹಿರಿಯರಿಗೆ ಏನು ಮಾಡಿದ್ರಿ ಅತ್ತೆ’ ಅಂತ ಕೇಳಿ. ಉತ್ತರ ಅವರ ಬಾಯಿಂದಲೇ ಬರಲಿ.

ಅತ್ತೆಯ ಮಾತಿನಲ್ಲಿ ಒಪ್ಪಬೇಕಾದ್ದೂ ಒಂದಿದೆ. ನೆನಪಿಗೂ ಒಂದು ಅಳತೆ ಬೇಕು. ಹಿರಿಯರ ಎಡೆಗೆ ಒಂದು ಹೊತ್ತಿದೆ, ಒಂದು ಜಾಗವಿದೆ, ಅದು ಮುಗಿಯುತ್ತದೆ, ಆಮೇಲೆ ಮದುವೆ ನಡೆಯುತ್ತದೆ. ನಿಮ್ಮ ಅಜ್ಜನ ನೆನಪಿಗೂ ಮೊದಲೇ ಜಾಗ ಗೊತ್ತು ಮಾಡಿಟ್ಟುಕೊಂಡರೆ ಅದು ದಿನವಿಡೀ ಎಲ್ಲೆಂದರಲ್ಲಿ ಬಂದು ನಿಮ್ಮನ್ನು ಕಾಡುವುದು ಕಡಿಮೆಯಾಗುತ್ತದೆ. ಜಾಗವೇ ಕೊಡದಿದ್ದರೆ ಧಾರೆಯ ಹೊತ್ತಿಗೋ, ಊಟದ ಪಂಕ್ತಿಯಲ್ಲೋ ತಾನೇ ಬಂದು ಕೂರುತ್ತದೆ.

ಈ ಕಾರಣಕ್ಕೇ ಮಂಟಪದಲ್ಲಿ ಫೋಟೊ ಬೇಡ ಎನ್ನುತ್ತೇನೆ. ಈಗ ಕಲ್ಯಾಣ ಮಂಟಪಗಳಲ್ಲಿ ದೊಡ್ಡ ಪರದೆ ಹಾಕಿ, ತೀರಿಕೊಂಡವರ ವಿಡಿಯೊಗೆ ಹಿನ್ನೆಲೆ ಸಂಗೀತ ಸೇರಿಸಿ ತೋರಿಸುವುದು ಜಾಸ್ತಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬೀಗರ ಕಡೆಯ ನೂರಾರು ಜನಕ್ಕೆ ಅವರು ಯಾರು ಎಂದೇ ಗೊತ್ತಿರುವುದಿಲ್ಲ. ಗೊತ್ತಿರುವ ಹತ್ತು ಜನ ಎಲ್ಲರೆದುರು ಅಳುತ್ತಾ ನಿಲ್ಲಬೇಕಾಗುತ್ತದೆ. ಅಲ್ಲೇ ಅಜ್ಜಿ ಕೂತಿದ್ದರೆ ಅವರ ಗತಿ ಏನು? ಮಗಳ ಆಸೆಯನ್ನು ಬೇರೆ ರೀತಿ ಪೂರೈಸಿ. ದೇವರ ಕಾರ್ಯದ ದಿನ ನಿಮ್ಮ ಮನೆಯಲ್ಲೇ, ಹಿರಿಯರ ಫೋಟೊಗಳ ಪಕ್ಕ ಅಜ್ಜನದ್ದೂ ಇರಲಿ. ಮಗಳು ಹೂವೇರಿಸಿ ನಮಸ್ಕಾರ ಮಾಡಲಿ. ಆ ಹೊತ್ತಿನಲ್ಲಿ ಮನೆಯವರಷ್ಟೇ ಇರುತ್ತೀರಿ. ಒಬ್ಬೊಬ್ಬರೂ ಅಜ್ಜನ ಬಗ್ಗೆ ಒಂದೊಂದು ಮಾತು ಹೇಳಿ. ಅತ್ತರೂ ಅಳಿ.

ಈಗ ಮುಯ್ಯಿಯ ಟೇಬಲ್. ನನಗೆ ಕೇಳಿದರೆ ಇಡೀ ಮದುವೆಯಲ್ಲಿ ಅಜ್ಜನಿಗೆ ನಿಜವಾಗಿ ಸೇರಿದ ಜಾಗ ಅದೇ. ನೀವು ಪತ್ರದಲ್ಲಿ ಬರೆದ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಮೊತ್ತ ಜೋರಾಗಿ ಹೇಳಿದ್ದು ಕೇಳಿಲ್ಲ ಎಂದಿರಿ. ಮುಯ್ಯಿ ಬರೆಯುವ ಜಾಗ ಎಂಥದು ಎಂದು ಎಲ್ಲರಿಗೂ ಗೊತ್ತು. ಕೊಡುವವರು ಸಾಲಾಗಿ ನಿಂತಿರುತ್ತಾರೆ. ಹಿಂದಿನವರ ಕಿವಿ ಮುಂದಿನವರ ಮೊತ್ತದ ಮೇಲಿರುತ್ತದೆ. ಕಡಿಮೆ ತಂದವರು ಕವರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿರುತ್ತಾರೆ. ಅಂಥ ಜಾಗದಲ್ಲಿ ಯಾರ ಮಾನವೂ ಹೋಗದ ಹಾಗೆ ಇಷ್ಟು ವರ್ಷ ಕೂತು ಬರೆದರಲ್ಲ, ನೆನೆಯಬೇಕಾದ್ದು ಅದನ್ನು. ಮಿಲ್ಲಿನ ಸಂಬಳದಲ್ಲಿ ಸಂಸಾರ ತೂಗಿಸಿದವರು ಅವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳುತ್ತಿದ್ದ ಕಾಲವನ್ನೂ ನೋಡಿದವರು, ಆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನೂ ನೋಡಿದವರು. ಕೆಲಸ ಹೋದ ಮನೆಯವನು ಹನ್ನೊಂದು ರೂಪಾಯಿ ಹಿಡಿದು ಬಂದಾಗ ಅದರ ತೂಕ ಅವರಿಗೆ ತಿಳಿಯುತ್ತಿತ್ತು ಎಂದೇ ನನಗನ್ನಿಸುತ್ತದೆ.

ಹಾಗಾಗಿ ಆ ಕುರ್ಚಿಗೆ ಹಾರ ಹಾಕಿ ಖಾಲಿ ಬಿಡಬೇಡಿ. ಅಲ್ಲಿ ಯಾರನ್ನಾದರೂ ಕೂರಿಸಿ. ಅಜ್ಜನ ಪಕ್ಕ ಕೂತು ಕವರ್ ಬಿಡಿಸಿ ಕೊಡುತ್ತಿದ್ದ ಹುಡುಗರು ಓಣಿಯಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಕೇಳಿ. ಹೊಸ ಪುಸ್ತಕದ ಮೊದಲ ಪುಟದಲ್ಲಿ ವಧೂವರರ ಹೆಸರು, ತಾರೀಖು ಬರೆದ ಮೇಲೆ ಒಂದು ಸಾಲು ಸೇರಿಸಿ: ಈ ಮನೆಯ ಮುಯ್ಯಿಯನ್ನು ಇಷ್ಟು ವರ್ಷ ಬರೆದವರು ಇಂಥವರು ಎಂದು, ಅವರ ಪೂರ್ತಿ ಹೆಸರಿನೊಂದಿಗೆ. ‘ಮಿಲ್ಲಜ್ಜ’ ಎಂದಷ್ಟೇ ಬರೆದರೆ ನಾಳೆ ನಿಮ್ಮ ಮೊಮ್ಮಕ್ಕಳಿಗೆ ಯಾರೆಂದು ಗೊತ್ತಾಗುವುದಿಲ್ಲ. ಕೂರುವವರಿಗೆ ಒಂದೇ ನಿಯಮ ಹೇಳಿ, ಮೊತ್ತವನ್ನು ಬಾಯಿಬಿಟ್ಟು ಓದಬಾರದು.

ಹಳೆಯ ಪುಸ್ತಕಗಳನ್ನೂ ಈಗಲೇ ಹುಡುಕಿ ತೆಗೆಯಿರಿ. ಬೀರುವಿನ ಮೇಲೋ, ಟ್ರಂಕಿನಲ್ಲೋ ಇರುತ್ತವೆ. ನಿಮ್ಮ ಮದುವೆಯ ಪುಸ್ತಕದಲ್ಲಿ ವಿಳಾಸ ಬರೆದಿದ್ದರೆ ಅಲ್ಲಿ ‘ಚಿತ್ರದುರ್ಗ ಜಿಲ್ಲೆ’ ಎಂದಿರಬೇಕು, ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟು ಹಳೆಯ ಕೈಬರಹ ಅದು. ಅಗ್ಗದ ನೋಟ್‌ಬುಕ್ಕಿನ ಹಾಳೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ, ಶಾಯಿ ಮಾಸುತ್ತದೆ. ಬೆಳಕಿರುವ ಕಡೆ ಇಟ್ಟು ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಆದರೆ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಯಾರು ಎಷ್ಟು ಕೊಟ್ಟರು ಎಂದು ಅಜ್ಜ ಬಾಯಿಬಿಡದೆ ಕಾಪಾಡಿದ್ದು ನಿಮ್ಮಿಂದ ಹೊರಗೆ ಬೀಳಬಾರದು. ಮೊದಲ ಪುಟಗಳನ್ನು ಮಾತ್ರ, ಹೆಸರು ತಾರೀಖು ಇರುವವನ್ನು, ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಡಿ. ಗಂಡನ ಕೈಬರಹ ನೋಡಲು ಸಿಗುವುದು ದೊಡ್ಡ ವಿಷಯ.

ತೀರಿಕೊಂಡವರನ್ನು ಬಿಟ್ಟುಬಿಟ್ಟರೇ ದುಃಖ ಮುಗಿಯುವುದು ಎಂದು ಒಂದು ಕಾಲದಲ್ಲಿ, ದುಃಖದಲ್ಲಿರುವವರಿಗೆ ಸಲಹೆ ಕೊಡುವ ನನ್ನ ವೃತ್ತಿಯವರೂ ಹೇಳುತ್ತಿದ್ದರು. 1996ರಲ್ಲಿ ಡೆನಿಸ್ ಕ್ಲಾಸ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಇದನ್ನು ಪ್ರಶ್ನಿಸಿದರು. ಸಂಬಂಧ ಕಡಿಯುವುದಿಲ್ಲ, ರೂಪ ಬದಲಿಸಿಕೊಂಡು ಮುಂದುವರಿಯುತ್ತದೆ, ಅದು ಕಾಯಿಲೆಯಲ್ಲ ಎಂದರು. ಹಿರಿಯರ ಹಬ್ಬ ಮಾಡುವ ನಮ್ಮವರಿಗೆ ಇದು ಹೊಸ ಸುದ್ದಿಯೇನಲ್ಲ.

ಅಜ್ಜಿಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ. ಅವರನ್ನು ಕರೆಯಲೇಬೇಕು, ಮೊದಲು ಕರೆಯಬೇಕು. ಪತ್ರಿಕೆಯನ್ನು ಬೇರೆಯವರ ಕೈಯಲ್ಲಿ ಕಳಿಸಬೇಡಿ, ವಾಟ್ಸಾಪಿನಲ್ಲಂತೂ ಬೇಡ. ನೀವು, ನಿಮ್ಮ ಯಜಮಾನರು, ಮಗಳು ಮೂವರೂ ಹೋಗಿ. ಕುಂಕುಮದ ಬಟ್ಟಲು ಹಿಡಿದು ಎಲ್ಲರಿಗೂ ಹಚ್ಚುತ್ತಾ ಬಂದು, ಗಂಡ ಹೋದ ಹೆಂಗಸಿನ ಮುಂದೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಪದ್ಧತಿ ಇನ್ನೂ ಎಷ್ಟೋ ಕಡೆ ಇದೆ. ಅದು ಕ್ರೂರ. ಜೀವಮಾನವೆಲ್ಲ ನಿಮ್ಮ ಮನೆಯ ಮಕ್ಕಳನ್ನು ಎತ್ತಿ ಆಡಿಸಿದವರು ನಾಲ್ಕು ತಿಂಗಳಲ್ಲಿ ಅಶುಭವಾಗುವುದು ಹೇಗೆ? ಅಕ್ಷತೆ ಹಾಕುವಾಗ ಅವರು ಮುಂದಿನ ಸಾಲಿನಲ್ಲಿರಲಿ. ಅಜ್ಜನ ಬದಲಿಗೆ ಮಗಳ ತಲೆಯ ಮೇಲೆ ಕೈ ಇಡುವವರು ಅವರೇ ಅಲ್ವಾ?

ಆದರೆ ಬಲವಂತ ಬೇಡ. ಗಂಡ ಹೋದ ಮೇಲೆ ಎಷ್ಟು ದಿನ ಹೊರಗೆ ಹೋಗಬಾರದು, ಯಾವ ಕಾರ್ಯಕ್ಕೆ ಹೋಗಬಾರದು ಎನ್ನುವುದು ಮನೆಯಿಂದ ಮನೆಗೆ, ಧರ್ಮದಿಂದ ಧರ್ಮಕ್ಕೆ ಬೇರೆ. ಮುಸ್ಲಿಂ ಮನೆಗಳಲ್ಲಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಇರುತ್ತದೆ. ಕೆಲವು ಮನೆಗಳಲ್ಲಿ ಒಂದು ವರ್ಷ ಹಬ್ಬವನ್ನೇ ಮಾಡುವುದಿಲ್ಲ. ಅಜ್ಜಿಗೆ ಯಾವುದರಲ್ಲಿ ಸಮಾಧಾನವೋ ಅದು ನಡೆಯಲಿ. ಅಜ್ಜಿಯನ್ನೇ ಕೇಳಿ: ‘ಬರ್ತೀರಾ ಅಮ್ಮ? ಬಂದರೆ ಎಲ್ಲಿ ಕೂರೋದು ನಿಮಗೆ ಆರಾಮ? ಬೇಗ ಹೋಗಬೇಕು ಅನ್ನಿಸಿದರೆ ಕರ್ಕೊಂಡು ಹೋಗೋಕೆ ಒಬ್ಬರು ಇರ್ತಾರೆ.’ ಪುಸ್ತಕದಲ್ಲಿ ಅಜ್ಜನ ಹೆಸರು ಬರೆಯುವ ವಿಷಯ ಅವರಿಗೆ ಮುಂಚೆಯೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಮಂಟಪದಲ್ಲಿ ಅಚಾನಕ್ಕಾಗಿ ಗೊತ್ತಾಗಬಾರದು. ಅವರು ಬರುವುದಿಲ್ಲ ಎಂದರೆ, ಮದುವೆಯಾದ ಮೇಲೆ ಮಗಳು ಅಳಿಯ ಜೋಡಿಯಾಗಿ ಮೊದಲು ಹೋಗಿ ನಮಸ್ಕಾರ ಮಾಡುವ ಮನೆಗಳಲ್ಲಿ ಅವರದೂ ಒಂದಾಗಲಿ. ಬಂದರೂ ಹೋಗಲಿ. ಮದುವೆ ಗದ್ದಲ ಮುಗಿದ ಮರುವಾರ ಇದೆಯಲ್ಲ, ಓಣಿ ಖಾಲಿಯಾದ ವಾರ, ಆಗ ನೀವು ಒಬ್ಬರೇ ಒಂದು ಸಂಜೆ ಹೋಗಿ ಕೂತು ಬನ್ನಿ.

ಪುಟ್ಟ ಹುಡುಗನಿಗೆ ಸತ್ಯವನ್ನೇ ಹೇಳಿ. ‘ಅಜ್ಜ ಮಲಗಿದ್ದಾರೆ’ ಎಂದರೆ ಮಲಗಲು ಹೆದರುವ ಮಕ್ಕಳಿದ್ದಾರೆ. ‘ಊರಿಗೆ ಹೋಗಿದ್ದಾರೆ’ ಎಂದರೆ ಮದುವೆಯ ದಿನ ಬಾಗಿಲಿನ ಹತ್ತಿರವೇ ನಿಂತು ಕಾಯುತ್ತಾನೆ. ಐದರಿಂದ ಏಳು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಸತ್ತವರು ತಿರುಗಿ ಬರುವುದಿಲ್ಲ ಎನ್ನುವುದು ಅರ್ಥವಾಗತೊಡಗುತ್ತದೆ. ‘ಅಜ್ಜ ತೀರಿಕೊಂಡರು. ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು. ಅವರು ಮದುವೆಗೆ ಬರೋಕಾಗಲ್ಲ. ನಮಗೆಲ್ಲ ಬೇಜಾರಾಗಿದೆ.’ ಇಷ್ಟು ಸಾಕು. ಅವನು ಮತ್ತೆ ಕೇಳುತ್ತಾನೆ. ಮತ್ತೆ ಇದನ್ನೇ ಹೇಳಿ. ಮುಯ್ಯಿ ಟೇಬಲ್ ಹತ್ತಿರ ಬಂದವರಿಗೆ ಪೆನ್ನು ಎತ್ತಿಕೊಡುವುದೋ, ತಾಂಬೂಲದ ಚೀಲ ಕೊಡುವುದೋ, ಯಾವುದಾದರೂ ಕೆಲಸವನ್ನು ಅವನಿಗೆ ವಹಿಸಿ.

ನಿಮ್ಮ ಬಗ್ಗೆ. ದುಃಖಕ್ಕೆ ಐದು ಮೆಟ್ಟಿಲು, ಒಂದಾದ ಮೇಲೆ ಒಂದು ಹತ್ತಬೇಕು ಎಂದು ಎಲ್ಲೋ ಓದಿರುತ್ತೀರಿ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ ಅದನ್ನು ಬರೆದದ್ದು ಸಾವು ಹತ್ತಿರವಾದ ರೋಗಿಗಳನ್ನು ಮಾತಾಡಿಸಿ. ಉಳಿದವರು ಹೀಗೇ ಅಳಬೇಕು ಎನ್ನುವ ಟೈಂಟೇಬಲ್ ಅದಲ್ಲ. ನನಗೆ ಹೆಚ್ಚು ನಿಜ ಅನ್ನಿಸುವುದು 1999ರಲ್ಲಿ ಸ್ಟ್ರೂಬೆ ಮತ್ತು ಶೂಟ್ ಎಂಬ ಇಬ್ಬರು ಸಂಶೋಧಕರು ಹೇಳಿದ ಮಾತು. ದುಃಖದಲ್ಲಿರುವವರು ಒಂದು ಗಳಿಗೆ ನೋವಿನ ಕಡೆ ತಿರುಗುತ್ತಾರೆ, ಒಂದು ಗಳಿಗೆ ಬದುಕಿನ ಕಡೆ. ಹೋಗುತ್ತಾ ಬರುತ್ತಾ ಇರುವುದೇ ಆರೋಗ್ಯ. ಬೆಳಗ್ಗೆ ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡಿ ನಕ್ಕು, ಸಂಜೆ ಅಜ್ಜನ ಮನೆಯ ಮುಂದೆ ಹಾಯುವಾಗ ಕಣ್ಣು ತುಂಬಿದರೆ ನೀವು ಯಾರಿಗೂ ದ್ರೋಹ ಮಾಡಿಲ್ಲ. ನಕ್ಕಿದ್ದೂ ನಿಜ, ಅತ್ತಿದ್ದೂ ನಿಜ. ಧಾರೆಯ ಹೊತ್ತಿಗೆ ಅಳು ಬಂದರೆ ತಡೆಯಬೇಡಿ. ಹೆಣ್ಣು ಹೆತ್ತ ತಾಯಿ ಅಳುತ್ತಿದ್ದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಮದುವೆ ಮುಗಿದ ಮೇಲೂ ನೆನಪು ಹೀಗೇ ಅಲೆ ಅಲೆಯಾಗಿ ಬರುತ್ತದೆ. ಮೊದಲ ಯುಗಾದಿ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಮಗಳ ಸೀಮಂತ. ಮುಂಚೆಯೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಹಿರಿಯರ ಹಬ್ಬದ ದಿನ ಅಜ್ಜನಿಗೆ ಎಡೆ ಇಡುವುದು ಅವರ ಮನೆಯವರ ಹಕ್ಕು, ಅದನ್ನು ಅವರಿಗೇ ಬಿಡಿ. ನೀವು ಒಂದು ಡಬ್ಬಿ ಹೋಳಿಗೆ ಹಿಡಿದು ಅಲ್ಲಿಗೆ ಹೋದರೆ ಸಾಕು.

ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ ಮದುವೆ ಮುಗಿಯಲಿ ಎಂದು ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆರು ತಿಂಗಳು ದಾಟಿದ ಮೇಲೂ ದುಃಖ ದಿನದ ಕೆಲಸವನ್ನೇ ನಿಲ್ಲಿಸುವಷ್ಟು ಬಿಗಿಯಾಗಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯೂ ಗುರುತಿಸುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಪತ್ರ ಓದಿದರೆ ನೀವು ಆ ಹಂತದಲ್ಲಿದ್ದೀರಿ ಅನ್ನಿಸುವುದಿಲ್ಲ.

ಇನ್ನು ಮಂಡಕ್ಕಿ, ಮಿರ್ಚಿ. ಖಂಡಿತ ಮಾಡಿ. ಅಜ್ಜನ ನೆನಪಿಗೆ ಎಂದು ಮೈಕಿನಲ್ಲಿ ಹೇಳುವುದು ಬೇಡ, ಶಾಮಿಯಾನದ ಹುಡುಗರಲ್ಲಿ ಹಳಬರಿಗೆ ಗೊತ್ತಾಗುತ್ತದೆ. ಹೊರಗಿನಿಂದ ಪೊಟ್ಟಣ ಕಟ್ಟಿಸಿ ತಂದರೆ ರಾತ್ರಿ ಹೊತ್ತಿಗೆ ಮಿರ್ಚಿ ಮೆತ್ತಗಾಗಿರುತ್ತದೆ. ಅಡುಗೆಯವರಿಗೆ ಹೇಳಿ ಅಲ್ಲೇ ಕರಿಸಿ. ಖರ್ಚಿನ ಲೆಕ್ಕ, ಎಷ್ಟು ಜನ ಎನ್ನುವ ಲೆಕ್ಕ ಎಲ್ಲವನ್ನೂ ನಿಮ್ಮ ಯಜಮಾನರಿಗೇ ವಹಿಸಿ.